ಒಂಬತ್ತು ಕಡ್ಡಿಯ ಕವಣೆಯಂತ್ರ

ಒಂಬತ್ತು ಐಸ್ ಕ್ಯಾಂಡಿ ಕಡ್ಡಿ, ನಾಲ್ಕು ರಬ್ಬರ್ ಬ್ಯಾಂಡ್, ನೀರಿನ ಬಾಟಲಿಯ ಒಂದು ಮುಚ್ಚಳ, ಒಂದು ತೊಟ್ಟು ಅಂಟು. ಬೇಸಿಗೆ ಶಿಬಿರಗಳಲ್ಲಿ, ಶಾಲೆಯ ವಿಜ್ಞಾನ ಪ್ರದರ್ಶನಗಳಲ್ಲಿ, ಮಳೆ ಹಿಡಿದ ಭಾನುವಾರಗಳಲ್ಲಿ ಮಕ್ಕಳು ಕಟ್ಟುವ ಆಟಿಕೆ ಕವಣೆಯಂತ್ರಕ್ಕೆ ಇಷ್ಟೇ ಬಂಡವಾಳ. ಹತ್ತು ನಿಮಿಷದಲ್ಲಿ ಯಂತ್ರ ಸಿದ್ಧ. ಮುಚ್ಚಳದಲ್ಲಿ ಕಾಗದದ ಉಂಡೆ ಇಟ್ಟು, ಕಡ್ಡಿಯ ತುದಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿ ಬಿಟ್ಟರೆ ಉಂಡೆ ಹಾರುತ್ತದೆ. ಆದರೆ ಬಹುಪಾಲು ಸಲ ಅದು ಮುಂದಕ್ಕೆ ಹೋಗುವುದಕ್ಕಿಂತ ಮೇಲಕ್ಕೆ ಹೋಗುವುದೇ ಹೆಚ್ಚು. ಚಾವಣಿಯತ್ತ ನೆಗೆದು, ಯಂತ್ರದಿಂದ ಒಂದು ಮಾರು ದೂರವೂ ದಾಟದೆ ಬಿದ್ದುಬಿಡುತ್ತದೆ.

‘ಇನ್ನೂ ಜೋರಾಗಿ ಒತ್ತು’ ಎಂಬ ಸಲಹೆ ಪಕ್ಕದಲ್ಲಿ ಕೂತವರಿಂದ ತಪ್ಪದೆ ಬರುತ್ತದೆ. ಜೋರಾಗಿ ಒತ್ತಿದರೆ ಉಂಡೆ ಇನ್ನಷ್ಟು ಎತ್ತರಕ್ಕೆ ಹೋಗುತ್ತದೆ, ಮತ್ತೂ ಒತ್ತಿದರೆ ಕಡ್ಡಿ ‘ಚಟ್’ ಎನ್ನುತ್ತದೆ. ಈ ಯಂತ್ರದ ಕಾಯಿಲೆ ಬಲದ ಕೊರತೆಯಲ್ಲ. ತೋಳು ಎಲ್ಲಿ ನಿಲ್ಲುತ್ತದೆ, ಉಂಡೆ ಯಾವ ಗಳಿಗೆಯಲ್ಲಿ ಅದರಿಂದ ಬಿಡಿಸಿಕೊಳ್ಳುತ್ತದೆ ಎಂಬುದೇ ಇಲ್ಲಿ ಮುಖ್ಯ. ಎರಡೂವರೆ ಸಾವಿರ ವರ್ಷಗಳಿಂದ ಕೋಟೆ ಒಡೆಯುವ ಯಂತ್ರ ಕಟ್ಟಿದವರೆಲ್ಲ ತಲೆ ಕೆಡಿಸಿಕೊಂಡದ್ದೂ ಇದೇ ಪ್ರಶ್ನೆಗೆ.

ಕಟ್ಟುವ ಬಗೆ

ಸ್ಟೇಷನರಿ ಅಂಗಡಿಯಲ್ಲಿ ಕ್ರಾಫ್ಟ್ ಕಡ್ಡಿಯ ಕಟ್ಟು ಸಿಗುತ್ತದೆ. ತಿಂದ ಐಸ್ ಕ್ಯಾಂಡಿಯ ಕಡ್ಡಿಗಳಾದರೆ ತೊಳೆದು ಚೆನ್ನಾಗಿ ಒಣಗಿಸಿರಬೇಕು. ಒದ್ದೆ ಕಡ್ಡಿ ಬಾಗಿದರೆ ಮತ್ತೆ ನೆಟ್ಟಗಾಗುವುದಿಲ್ಲ. ಸಾಮಾನ್ಯ ಅಳತೆಯ ಕಡ್ಡಿ ಸುಮಾರು 11 ಸೆಂ.ಮೀ. ಉದ್ದ, 1 ಸೆಂ.ಮೀ. ಅಗಲ, 2 ಮಿ.ಮೀ. ದಪ್ಪ ಇರುತ್ತದೆ. ಗಂಟಿರುವ, ಸೀಳು ಬಿಟ್ಟ ಕಡ್ಡಿಗಳನ್ನು ಮೊದಲೇ ಆರಿಸಿ ತೆಗೆದಿಡುವುದು ಒಳ್ಳೆಯದು.

ಏಳು ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಬೇಕು. ಇದು ದಿಂಡು. ಉಳಿದ ಎರಡು ಕಡ್ಡಿಗಳನ್ನು ಒಂದಕ್ಕೊಂದು ಹೊಂದಿಸಿ ಹಿಡಿದು ಒಂದು ತುದಿಗೆ ಮಾತ್ರ, ಅಂಚಿನಿಂದ ಒಂದು ಸೆಂ.ಮೀ. ಒಳಗೆ, ಮೂರ್ನಾಲ್ಕು ಸುತ್ತು ಬ್ಯಾಂಡ್ ಹಾಕಬೇಕು. ಇದು ಗಂಟು. ಇನ್ನೊಂದು ತುದಿಯನ್ನು ಬಾಯಿ ಬಿಡಿಸಿ, ಆ ಸಂದಿಯೊಳಗೆ ದಿಂಡನ್ನು ಅಡ್ಡಲಾಗಿ ತೂರಿಸಿ ಗಂಟಿನ ಕಡೆಗೆ ಸರಿಸಿದರೆ ಮೇಲಿನ ಕಡ್ಡಿ ಓರೆಯಾಗಿ ಎದ್ದು ನಿಲ್ಲುತ್ತದೆ. ಕೆಳಗಿನ ಕಡ್ಡಿ ಪೀಠ, ಮೇಲಿನದು ತೋಳು. ದಿಂಡು ಜಾರದಂತೆ ಪೀಠ, ದಿಂಡು ಎರಡನ್ನೂ ಸೇರಿಸಿ ನಾಲ್ಕನೆಯ ಬ್ಯಾಂಡನ್ನು ಅಡ್ಡಡ್ಡ ಸುತ್ತಬೇಕು. ತೋಳಿನ ತುದಿಯಿಂದ ಅರ್ಧ ಸೆಂ.ಮೀ. ಬಿಟ್ಟು, ಬಾಯಿ ಮೇಲಾಗಿ ಮುಚ್ಚಳವನ್ನು ಅಂಟಿಸಿದರೆ ಕೆಲಸ ಮುಗಿಯಿತು. ಪ್ಲಾಸ್ಟಿಕ್ಕಿಗೆ ಬಿಳಿ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಗ್ಲೂ ಗನ್ ಇದ್ದರೆ ದೊಡ್ಡವರು ಒಂದು ಹನಿ ಬಿಟ್ಟುಕೊಡಬಹುದು, ಇಲ್ಲದಿದ್ದರೆ ಎರಡು ಬದಿಗೂ ಅಂಟುವ ಟೇಪು ಸಾಕು. ಮುಚ್ಚಳದ ಬದಲು ಪ್ಲಾಸ್ಟಿಕ್ ಚಮಚವನ್ನೇ ತೋಳಿಗೆ ಕಟ್ಟುವವರೂ ಇದ್ದಾರೆ.

ಮುಚ್ಚಳವನ್ನು ಕೆಳಕ್ಕೆ ಒತ್ತುವಾಗ ಎರಡು ಸ್ಪ್ರಿಂಗುಗಳು ಏಕಕಾಲಕ್ಕೆ ದುಡಿಯುತ್ತವೆ. ದಿಂಡಿನ ಆಚೆ ಚಾಚಿರುವ ಕಡ್ಡಿ ಬಾಗುತ್ತದೆ. ಗಂಟಿನ ಬಳಿಯ ರಬ್ಬರ್ ಹಿಗ್ಗುತ್ತದೆ. ಕೈಬಿಟ್ಟೊಡನೆ ಎರಡೂ ತಮ್ಮ ಮೊದಲ ಆಕಾರಕ್ಕೆ ಮರಳಲು ಧಾವಿಸುತ್ತವೆ. ಸ್ಪ್ರಿಂಗಿನ ಈ ಗುಣವನ್ನು ನಿಯಮವಾಗಿಸಿದವನು ಇಂಗ್ಲೆಂಡಿನ ರಾಬರ್ಟ್ ಹುಕ್. ತನ್ನ ಆವಿಷ್ಕಾರವನ್ನು ಬೇರೆಯವರು ಕದಿಯಬಾರದೆಂದು 1676ರಲ್ಲಿ ಅದನ್ನು ಅಕ್ಷರಗಳನ್ನು ಕಲಸಿ ಒಗಟಾಗಿ ಅಚ್ಚು ಹಾಕಿಸಿದ್ದ. 1678ರಲ್ಲಿ ಒಗಟನ್ನು ಬಿಡಿಸಿ ಹೇಳಿದ: ಎಷ್ಟು ಹಿಗ್ಗಿದರೆ ಅಷ್ಟೇ ಬಲ.

ಬಲ ಹೀಗೆ ನೇರ ಲೆಕ್ಕದಲ್ಲಿ ಏರಿದರೂ ಕೂಡಿಟ್ಟ ಶಕ್ತಿ ವರ್ಗದ ಲೆಕ್ಕದಲ್ಲಿ ಏರುತ್ತದೆ. ತೋಳನ್ನು ಒಂದು ಸೆಂ.ಮೀ. ಒತ್ತುವ ಬದಲು ಎರಡು ಸೆಂ.ಮೀ. ಒತ್ತಿದರೆ ಶಕ್ತಿ ನಾಲ್ಕು ಪಟ್ಟು. ಗಾಳಿಯ ತಡೆ ಇಲ್ಲದಿದ್ದರೆ ಉಂಡೆ ಹೋಗುವ ದೂರವೂ ನಾಲ್ಕು ಪಟ್ಟು. ಹಾಗಾಗಿಯೇ ‘ಸ್ವಲ್ಪ ಹೆಚ್ಚು’ ಒತ್ತಿದ ಸಲ ಉಂಡೆ ತುಂಬಾ ಮುಂದೆ ಹೋಗಿ ಅಚ್ಚರಿ ಹುಟ್ಟಿಸುವುದು.

ಮೇಲಕ್ಕೇ ಏಕೆ ನೆಗೆಯುತ್ತದೆ?

ಉಂಡೆಯನ್ನು ಮುಚ್ಚಳಕ್ಕೆ ಯಾರೂ ಕಟ್ಟಿಲ್ಲ. ತೋಳು ವೇಗ ಹೆಚ್ಚಿಸಿಕೊಳ್ಳುತ್ತಿರುವಷ್ಟು ಹೊತ್ತು ಮುಚ್ಚಳ ಉಂಡೆಯನ್ನು ತಳ್ಳುತ್ತಿರುತ್ತದೆ. ತೋಳು ನಿಧಾನಗೊಂಡ ಕ್ಷಣ ಮುಚ್ಚಳ ಹಿಂದೆ ಉಳಿಯುತ್ತದೆ, ಉಂಡೆ ಅದೇ ವೇಗದಲ್ಲಿ ಮುಂದೆ ಸಾಗುತ್ತದೆ. ತೋಳು ತನ್ನ ಸಹಜ ಸ್ಥಿತಿಗೆ, ಅಂದರೆ ಒತ್ತುವ ಮೊದಲು ಇದ್ದ ಓರೆಗೆ, ಬಂದು ಮುಟ್ಟುವ ಹೊತ್ತಿಗೆ ಇದು ನಡೆಯುತ್ತದೆ. ಆ ಗಳಿಗೆಯಲ್ಲಿ ಉಂಡೆಯ ದಿಕ್ಕು ತೋಳಿಗೆ ಲಂಬವಾಗಿರುತ್ತದೆ.

ದಿಂಡಿನ ದಪ್ಪ 14 ಮಿ.ಮೀ., ಅದು ಗಂಟಿನಿಂದ 4 ಸೆಂ.ಮೀ. ದೂರದಲ್ಲಿದೆ ಎಂದುಕೊಂಡರೆ ತೋಳಿನ ಓರೆ ನೆಲಕ್ಕೆ ಸುಮಾರು 20 ಡಿಗ್ರಿ. ಅದಕ್ಕೆ ಲಂಬ ಎಂದರೆ ಉಂಡೆ ಹೊರಡುವ ಕೋನ ಸುಮಾರು 70 ಡಿಗ್ರಿ. ಚಾವಣಿಯ ಕಡೆಗೆ ಗುರಿ ಇಟ್ಟು ಕಟ್ಟಿದ ಯಂತ್ರ ಅದು!

ಯಾವ ಕೋನದಲ್ಲಿ ಎಸೆದರೆ ಅತಿ ದೂರ ಎಂಬ ಪ್ರಶ್ನೆಗೆ 45 ಡಿಗ್ರಿ ಎಂದು ಇಟಲಿಯ ಗಣಿತಜ್ಞ ತಾರ್ತಾಲ್ಯ 1537ರಲ್ಲೇ ಬರೆದಿದ್ದ. ಎಸೆದ ವಸ್ತುವಿನ ಹಾದಿ ಪರವಲಯ ಎಂದು 1638ರಲ್ಲಿ ಪುಸ್ತಕವಾಗಿ ಪ್ರಕಟಿಸಿದವನು ಗೆಲಿಲಿಯೋ. ಅವರ ಲೆಕ್ಕವನ್ನು ಅಡುಗೆಮನೆಯ ಮೇಜಿಗೆ ಇಳಿಸಿದರೆ ಹೀಗೆ: ಸೆಕೆಂಡಿಗೆ 4 ಮೀಟರ್ ವೇಗದಲ್ಲಿ 70 ಡಿಗ್ರಿಗೆ ಹೊರಟ ಉಂಡೆ ಮುಕ್ಕಾಲು ಮೀಟರ್‌ನ ಹತ್ತಿರ ಎತ್ತರಕ್ಕೆ ಏರಿ, ಒಂದು ಮೀಟರ್‌ನಷ್ಟು ದೂರ ಬೀಳುತ್ತದೆ. ಅಷ್ಟೇ ವೇಗದಲ್ಲಿ 45 ಡಿಗ್ರಿಗೆ ಹೊರಟರೆ ಒಂದು ಮೀಟರ್ ಅರವತ್ತು ಸೆಂ.ಮೀ. ದಾಟುತ್ತದೆ. ಒಂದು ಎಳೆ ಬಲವನ್ನೂ ಸೇರಿಸದೆ ದೂರ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು.

ಪರಿಹಾರವೂ ಸುಲಭ. ಉಂಡೆ ಹಾರುವುದು ಗಂಟಿರುವ ಬದಿಗೆ. ಆದ್ದರಿಂದ ಮುಚ್ಚಳವಿರುವ ಬದಿಯಲ್ಲಿ ಪೀಠದ ಅಡಿಗೆ ಐದು ಸೆಂ.ಮೀ. ದಪ್ಪದ ಪುಸ್ತಕವೊಂದನ್ನು ಕೊಟ್ಟರೆ ಇಡೀ ಯಂತ್ರ ಮುಂದಕ್ಕೆ ಸುಮಾರು 25 ಡಿಗ್ರಿ ವಾಲುತ್ತದೆ, 70 ಇದ್ದದ್ದು 45ಕ್ಕೆ ಇಳಿಯುತ್ತದೆ. ಪೀಠ ಜಾರದಂತೆ ಗಂಟಿನ ತುದಿಯನ್ನು ಒಂದು ಕೈಯಲ್ಲಿ ಹಿಡಿದುಕೊಂಡರಾಯಿತು. ಪುಸ್ತಕ ಬೇಡವೆಂದರೆ ದಿಂಡಿಗೆ ಇನ್ನೂ ನಾಲ್ಕು ಕಡ್ಡಿ ಸೇರಿಸಬಹುದು. ಆಗ ತೋಳಿನ ಓರೆಯೂ ಹೆಚ್ಚುತ್ತದೆ, ಒತ್ತಲು ಸಿಗುವ ಜಾಗವೂ ಹೆಚ್ಚುತ್ತದೆ. ದಿಂಡಿಗೆ ಹೆಚ್ಚು ಕಡ್ಡಿ ಇಟ್ಟ ಯಂತ್ರ ಗೆಲ್ಲುವುದಕ್ಕೆ ಈ ಎರಡು ಲಾಭಗಳು ಕಾರಣ.

ಕಾಡುಕತ್ತೆಯ ಒದೆ

ಕವಣೆಯಂತ್ರದ ಹುಟ್ಟೂರು ಸಿಸಿಲಿ ದ್ವೀಪದ ಸಿರಾಕ್ಯೂಸ್ ಎಂದು ಗ್ರೀಕ್ ಇತಿಹಾಸಕಾರ ಡಿಯೊಡೊರಸ್ ಹೇಳುತ್ತಾನೆ. ಕ್ರಿ.ಪೂ. 399ರಲ್ಲಿ ಅಲ್ಲಿನ ದೊರೆ ಡಯೊನೀಸಿಯಸ್, ಕಾರ್ತೇಜ್ ಜೊತೆಗಿನ ಯುದ್ಧಕ್ಕಾಗಿ ಇಟಲಿ, ಗ್ರೀಸ್‌ಗಳಿಂದಲೂ, ಕಾರ್ತೇಜ್‌ನ ಸೀಮೆಯಿಂದಲೂ ಕುಶಲಕರ್ಮಿಗಳನ್ನು ದೊಡ್ಡ ಕೂಲಿ ಕೊಟ್ಟು ಕರೆಸಿ ಒಂದೇ ಕಡೆ ಕೂರಿಸಿದ. ಮೊದಲ ಯಂತ್ರಗಳು ದೊಡ್ಡ ಬಿಲ್ಲುಗಳೇ. ಮುಂದೆ ಮರದ ಬಿಲ್ಲಿನ ಜಾಗಕ್ಕೆ ಪ್ರಾಣಿಗಳ ನರ, ಕೂದಲಿನ ಹುರಿಗಳು ಬಂದವು. ಹುರಿಯ ದಪ್ಪ ಕಟ್ಟನ್ನು ಬಿಗಿಯಾಗಿ ತಿರುಚಿ, ಅದರ ನಡುವೆ ತೋಳನ್ನು ಸಿಕ್ಕಿಸಿದರೆ ತಿರುಚಿನ ಬಲ ತೋಳನ್ನು ಬೀಸುತ್ತಿತ್ತು. ಹುರಿಗೆ ತೇವ ತಗುಲಿದರೆ ಬಿಗಿ ಸಡಿಲವಾಗುತ್ತಿತ್ತು. ಬಿಸಿಲಲ್ಲಿ ಬಿಟ್ಟ ರಬ್ಬರ್ ಬ್ಯಾಂಡ್ ಸತ್ವ ಕಳೆದುಕೊಂಡು ಬಿರುಕು ಬಿಡುವ ಇಂದಿನ ಕಷ್ಟಕ್ಕೆ ಅದು ಹಿರಿಯ ಸಂಬಂಧಿ. ರಬ್ಬರ್ ಬ್ಯಾಂಡಿಗೆ ವಯಸ್ಸು ಕಡಿಮೆಯೇ. ಲಂಡನ್ನಿನ ಸ್ಟೀಫನ್ ಪೆರಿ ಅದಕ್ಕೆ ಪೇಟೆಂಟ್ ಪಡೆದದ್ದು 1845ರಲ್ಲಿ.

ಕ್ರಿ.ಪೂ. ಮೂರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಯಂತ್ರಕುಶಲರು ಹುರಿಯ ಕಟ್ಟಿಗೆ ಒಂದು ಸೂತ್ರವನ್ನೇ ಕಂಡುಕೊಂಡರು. ಬೈಜಾಂಟಿಯಮ್ಮಿನ ಫಿಲೋ ಅದನ್ನು ದಾಖಲಿಸಿದ್ದಾನೆ. ಕಲ್ಲಿನ ತೂಕವನ್ನು ‘ಮಿನಾ’ಗಳಲ್ಲಿ ತೆಗೆದುಕೊಂಡು ನೂರರಿಂದ ಗುಣಿಸಿ, ಘನಮೂಲ ತೆಗೆದು, ಅದಕ್ಕೆ ಅದರದೇ ಹತ್ತನೇ ಒಂದು ಭಾಗ ಕೂಡಿಸಿದರೆ ಹುರಿ ತೂರಬೇಕಾದ ರಂಧ್ರದ ವ್ಯಾಸ ಬೆರಳಗಲದ ಲೆಕ್ಕದಲ್ಲಿ ಸಿಗುತ್ತದೆ. ಹತ್ತು ಮಿನಾ, ಅಂದರೆ ನಾಲ್ಕು ಕಿಲೋ ಮೀರಿದ ಕಲ್ಲಿಗೆ ಸಾವಿರದ ಘನಮೂಲ ಹತ್ತು; ಅದರ ಹತ್ತನೇ ಭಾಗ ಒಂದು; ಒಟ್ಟು ಹನ್ನೊಂದು ಬೆರಳು. ಸೂತ್ರ ದಕ್ಕಿದ ರೀತಿಯನ್ನೂ ಫಿಲೋ ಬರೆದಿದ್ದಾನೆ: ರಂಧ್ರವನ್ನು ಕ್ರಮವಾಗಿ ಹಿಗ್ಗಿಸುತ್ತ, ಕುಗ್ಗಿಸುತ್ತ, ಎಸೆದು ನೋಡುತ್ತ. ಅದರ ಖರ್ಚನ್ನು ಕೀರ್ತಿಯ ಆಸೆಯಿದ್ದ ರಾಜರು ಭರಿಸಿದರಂತೆ.

ಕಡ್ಡಿಯ ಆಟಿಕೆಗೆ ತೀರ ಹತ್ತಿರದ ಪೂರ್ವಜ ರೋಮನ್ನರ ಒಂಟಿ ತೋಳಿನ ಯಂತ್ರ. ಬೇಟೆಗಾರರು ಅಟ್ಟಿದಾಗ ಹಿಂದಕ್ಕೆ ಕಲ್ಲು ಒದೆಯುತ್ತದೆಂಬ ಪ್ರಾಣಿಯ ಹೆಸರಲ್ಲಿ ಅದನ್ನು ಕಾಡುಕತ್ತೆ ಎಂದು ಕರೆದರು. ನಾಲ್ಕನೆಯ ಶತಮಾನದ ಸೈನಿಕ, ಇತಿಹಾಸಕಾರ ಅಮ್ಮಿಯಾನಸ್ ಅದನ್ನು ಕಣ್ಣಾರೆ ಕಂಡು ವರ್ಣಿಸಿದ್ದಾನೆ. ಒಂದೊಂದು ಬದಿಗೆ ನಾಲ್ಕು ಆಳು ನಿಂತು ತೋಳನ್ನು ಹಿಂದಕ್ಕೆ ಸುತ್ತಿ ಮಲಗಿಸುತ್ತಿದ್ದರು. ಮೇಸ್ತ್ರಿ ಸುತ್ತಿಗೆಯಿಂದ ಅಗುಳಿಯನ್ನು ಹೊಡೆದು ಬಿಡಿಸುತ್ತಿದ್ದ. ಮೇಲೆದ್ದು ಬಂದ ತೋಳು ಹೊಟ್ಟು ತುಂಬಿದ ದೊಡ್ಡ ಮೆತ್ತೆಗೆ ಬಡಿದು ನಿಲ್ಲುತ್ತಿತ್ತು. ಆ ಮೆತ್ತೆ ಇಲ್ಲದಿದ್ದರೆ ತೋಳಿನ ಹೊಡೆತಕ್ಕೆ ಯಂತ್ರವೇ ಚೂರಾಗುತ್ತಿತ್ತು. ಕಡ್ಡಿಯ ಯಂತ್ರಕ್ಕೂ ಇಂಥದ್ದೊಂದು ತಡೆ ಕಟ್ಟಬಹುದು. ಪೀಠದ ಎರಡೂ ಪಕ್ಕ ತಲಾ ಒಂದು ಕಡ್ಡಿ ನೆಟ್ಟು, ಅವುಗಳ ನಡುವೆ ಸ್ಪಂಜು ಸುತ್ತಿದ ಅಡ್ಡಕಡ್ಡಿ ಕಟ್ಟಿದರೆ ತೋಳು ಪ್ರತಿ ಸಲವೂ ಒಂದೇ ಕಡೆ ನಿಲ್ಲುತ್ತದೆ, ಉಂಡೆ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತದೆ.

ವಾಲಿಸಿ ಗುರಿ ಸರಿಪಡಿಸುವ ಉಪಾಯಕ್ಕೆ ನಮ್ಮ ಉಪಖಂಡದಲ್ಲೇ ಹಳೆಯ ಸಾಕ್ಷಿ ಇದೆ. ಎಂಟನೆಯ ಶತಮಾನದ ಆರಂಭದಲ್ಲಿ ಅರಬ್ ಸೇನಾನಿ ಮುಹಮ್ಮದ್ ಬಿನ್ ಕಾಸಿಂ ಸಿಂಧ್‌ನ ದೇಬಲ್ ಪಟ್ಟಣಕ್ಕೆ ಮುತ್ತಿಗೆ ಹಾಕಿದಾಗ ‘ಅರೂಸ್’ ಎಂಬ ಹೆಸರಿನ ಮಂಜನೀಕ್, ಅಂದರೆ ಕವಣೆಯಂತ್ರ, ತಂದಿದ್ದ. ಅದನ್ನು ನಡೆಸಲು ಐನೂರು ಆಳು ಬೇಕಿತ್ತು ಎಂದು ಒಂಬತ್ತನೆಯ ಶತಮಾನದ ಅರಬ್ ಇತಿಹಾಸಕಾರ ಬಲಾಧುರಿ ಬರೆಯುತ್ತಾನೆ. ಪಟ್ಟಣದ ದೇಗುಲದ ಮೇಲಿದ್ದ ಧ್ವಜಸ್ತಂಭಕ್ಕೆ ಗುರಿ ಇಡಬೇಕೆಂದೂ, ಅದಕ್ಕಾಗಿ ಯಂತ್ರದ ಕಾಲನ್ನು ಗಿಡ್ಡ ಮಾಡಬೇಕೆಂದೂ ಇರಾಕಿನಿಂದ ಅವನ ಮೇಲಧಿಕಾರಿ ಹಜ್ಜಾಜ್‌ನ ಪತ್ರ ಬಂತಂತೆ. ಮೇಜಿನ ಮೇಲೆ ಪುಸ್ತಕ ಮಾಡುವ ಕೆಲಸವನ್ನು ಅಲ್ಲಿ ಗರಗಸ ಮಾಡಿತು.

ನಿಧಾನ ಕೂಡಿಟ್ಟು, ಥಟ್ಟನೆ ಬಿಟ್ಟು

ಉಂಡೆಯನ್ನು ಕೈಯಿಂದಲೇ ಎಸೆಯಬಹುದಲ್ಲ, ಯಂತ್ರ ಏಕೆ? ಬೆರಳು ಬಲವಾಗಿದ್ದರೂ ನಿಧಾನ. ಅರ್ಧ ಸೆಕೆಂಡು ತೆಗೆದುಕೊಂಡು ಒತ್ತಿದ ಶಕ್ತಿಯನ್ನು ಕಡ್ಡಿ ಅದರ ಹತ್ತಾರರಲ್ಲಿ ಒಂದು ಪಾಲು ಸಮಯದಲ್ಲಿ ಹೊರಹಾಕುತ್ತದೆ. ಶಕ್ತಿ ಹೆಚ್ಚಾಗಲಿಲ್ಲ, ಅದು ಹೊರಬೀಳುವ ಸಮಯ ಕುಗ್ಗಿತು. ಮಿಡತೆ ನೆಗೆಯುವುದೂ ಹೀಗೆಯೇ: ಹಿಂಗಾಲಿನ ಸ್ನಾಯು ಮೊದಲು ಮೊಣಕಾಲಿನ ಗಟ್ಟಿ ಹೊರಪೊರೆಯನ್ನು ನಿಧಾನವಾಗಿ ಬಗ್ಗಿಸಿ ಹಿಡಿಯುತ್ತದೆ, ಆಮೇಲೆ ಒಮ್ಮೆಗೇ ಬಿಡುತ್ತದೆ. ಪಶ್ಚಿಮ ಘಟ್ಟದ ಮಳೆಗಾಲದಲ್ಲಿ ಬಂಡೆ, ತೊರೆಗಳ ಅಂಚಿನಲ್ಲಿ ಅರಳುವ ಕರ್ಣಕುಂಡಲದ ಬಲಿತ ಕಾಯಿಯನ್ನು ಮುಟ್ಟಿ ನೋಡಿದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಸಿಪ್ಪೆಯ ಪಟ್ಟಿಗಳು ಥಟ್ಟನೆ ಸುರುಳಿ ಸುತ್ತಿ ಬೀಜಗಳನ್ನು ಸಿಡಿಸುತ್ತವೆ.

ಯುದ್ಧವಿಮಾನಗಳಿಗೂ ಕವಣೆ ಬೇಕಾಯಿತು. ಭಾರತದ ಮೊದಲ ವಿಮಾನವಾಹಕ ನೌಕೆ, 1961ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ವಿಕ್ರಾಂತ್‌ನಲ್ಲಿ ಉಗಿಯಿಂದ ನಡೆಯುವ ಕವಣೆ ಇತ್ತು. ಸೀಹಾಕ್, ಅಲಿಝೆ ವಿಮಾನಗಳು ಅದರ ಎಳೆತಕ್ಕೇ ಗಗನಕ್ಕೇರುತ್ತಿದ್ದವು. ಮುಂದೆ ಸೀಹ್ಯಾರಿಯರ್ ವಿಮಾನಗಳು ಬಂದ ಮೇಲೆ ಆ ನೌಕೆಯ ಮೂತಿಗೆ ಏರು ದಿಬ್ಬ ಕಟ್ಟಿದರು, ಕವಣೆ ಹೋಯಿತು. ಕಾರವಾರದ ನೌಕಾನೆಲೆಯಲ್ಲಿ ತಂಗುವ ಐಎನ್‌ಎಸ್ ವಿಕ್ರಮಾದಿತ್ಯದಲ್ಲೂ ಕವಣೆಯಿಲ್ಲ. ಅದರ ಮೂತಿ 14 ಡಿಗ್ರಿಯಷ್ಟು ಮೇಲಕ್ಕೆ ಬಾಗಿದ್ದು, ವಿಮಾನ ಸ್ವಂತ ಎಂಜಿನ್ ಬಲದಲ್ಲಿ ಓಡಿ ಆ ಏರಿನಿಂದ ಚಿಮ್ಮುತ್ತದೆ. ಹೊರಡುವ ಕೋನ ಅಲ್ಲಿಯೂ ಕಟ್ಟುವವರ ಲೆಕ್ಕದಲ್ಲಿದೆ.

ಒಂದು ಹಾಳೆಯ ತೂಕ

ಆಟಿಕೆಯನ್ನು ಪ್ರಯೋಗವಾಗಿಸಲು ತಕ್ಕಡಿ ಬೇಡ. 80 ಜಿಎಸ್‌ಎಂ ಎ4 ಹಾಳೆಯ ತೂಕ ಸರಿಯಾಗಿ 5 ಗ್ರಾಂ, ಏಕೆಂದರೆ ಅಂಥ ಹದಿನಾರು ಹಾಳೆ ಸೇರಿದರೆ ಒಂದು ಚದರ ಮೀಟರ್. ಅರ್ಧ ಹಾಳೆಯ ಉಂಡೆ ಎರಡೂವರೆ ಗ್ರಾಂ, ಕಾಲು ಹಾಳೆಯದು ಒಂದೂಕಾಲು. ಮೂರನ್ನೂ ಒಂದೇ ಯಂತ್ರದಲ್ಲಿ, ಒಂದೇ ಆಳಕ್ಕೆ ಒತ್ತಿ, ತಲಾ ಐದು ಸಲ ಹಾರಿಸಿ, ನೆಲದ ಮೇಲೆ ಹಾಸಿದ ಅಳತೆ ಟೇಪಿನಲ್ಲಿ ಮೊದಲು ನೆಲ ಮುಟ್ಟಿದ ಜಾಗವನ್ನು ಗುರುತು ಹಾಕಿಕೊಳ್ಳಬೇಕು. ಉರುಳಿ ನಿಂತ ಜಾಗ ಲೆಕ್ಕಕ್ಕಿಲ್ಲ. ‘ಒಂದೇ ಆಳ’ ಬೆರಳಿನ ಅಂದಾಜಿಗೆ ನಿಲುಕುವುದು ಕಷ್ಟ. ಪೀಠದ ಮೇಲೆ ಒಂದು ಸಣ್ಣ ಪೆನ್ಸಿಲ್ ರಬ್ಬರನ್ನು ತಡೆಯಾಗಿಟ್ಟು, ತೋಳು ಅದಕ್ಕೆ ತಾಗುವವರೆಗೆ ಒತ್ತಿದರೆ ಸರಿಹೋಗುತ್ತದೆ.

ಹಗುರವಾದದ್ದು ದೂರ ಹೋಗುತ್ತದೆ ಎಂದು ಎಲ್ಲರೂ ಊಹಿಸುತ್ತಾರೆ. ಒಂದು ಮಿತಿಯವರೆಗೆ ಅದು ನಿಜ. ಆದರೆ ತೋಳೂ ಒಂದು ತೂಕವೇ: ಕಡ್ಡಿ, ಮುಚ್ಚಳ ಸೇರಿ ಎರಡು ಮೂರು ಗ್ರಾಂ ತೂಗುತ್ತವೆ. ಉಂಡೆ ಅದಕ್ಕಿಂತ ಬಹಳ ಹಗುರಾದರೆ ಕೂಡಿಟ್ಟ ಶಕ್ತಿಯಲ್ಲಿ ಹೆಚ್ಚಿನದು ತೋಳನ್ನೇ ಬೀಸುವುದಕ್ಕೆ ಖರ್ಚಾಗುತ್ತದೆ. ಜೊತೆಗೆ ಹಗುರ ಉಂಡೆಯನ್ನು ಗಾಳಿ ಬೇಗ ತಡೆಯುತ್ತದೆ. ಹತ್ತಿಯ ಉಂಡೆ ಹಾರಿಸಿ ನೋಡಿದರೆ ಅದು ಒಂದೆರಡು ಗೇಣು ಮುಂದೆ ಹೋಗಿ ಸೋತು ಇಳಿಯುವುದು ಕಾಣುತ್ತದೆ.

ತೋಳನ್ನು ಗಟ್ಟಿ ಮಾಡಬೇಕೆಂದು ಎರಡು ಕಡ್ಡಿ ಜೋಡಿಸುವವರಿಗೆ ಒಂದು ಮಾತು. ಎರಡನ್ನು ಸುಮ್ಮನೆ ಒಂದರ ಮೇಲೊಂದಿಟ್ಟು ಕಟ್ಟಿದರೆ ಬಾಗಿಸಲು ಎರಡು ಪಟ್ಟು ಬಲ ಬೇಕು. ಪೂರ್ತಿ ಅಂಟು ಹಚ್ಚಿ ಒಂದು ಮಾಡಿದರೆ ಎಂಟು ಪಟ್ಟು, ಏಕೆಂದರೆ ಬಿಗಿತ ದಪ್ಪದ ಘನದಂತೆ ಏರುತ್ತದೆ. ಎಂಟು ಪಟ್ಟು ಬಿಗಿಯಾದ ತೋಳನ್ನು ಮಗುವಿನ ಬೆರಳು ಬಗ್ಗಿಸಲಾರದು. ಗಂಟಿನ ರಬ್ಬರ್ ಮಾತ್ರ ಹಿಗ್ಗುತ್ತದೆ, ಕಡ್ಡಿ ಸ್ಪ್ರಿಂಗಿನ ಕೆಲಸ ನಿಲ್ಲಿಸುತ್ತದೆ.

ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ಶಿಸ್ತು ಇಲ್ಲಿ ತಾನಾಗಿ ಬರುತ್ತದೆ. ದಿಂಡಿನ ಜಾಗ, ಕಡ್ಡಿಗಳ ಎಣಿಕೆ, ಪುಸ್ತಕದ ದಪ್ಪ ಮೂರನ್ನೂ ಒಟ್ಟಿಗೆ ಬದಲಿಸಿದವರಿಗೆ ದೂರ ಹೆಚ್ಚಿದ್ದು ಯಾವುದರಿಂದ ಎಂದು ತಿಳಿಯುವುದೇ ಇಲ್ಲ.

ಎಚ್ಚರ

ಮುಚ್ಚಳಕ್ಕೆ ಕಾಗದ, ಹತ್ತಿ, ಸ್ಪಂಜಿನ ಉಂಡೆ ಮಾತ್ರ. ಕಲ್ಲು, ಗೋಲಿ, ಹುಣಸೆ ಬೀಜ, ಪೆನ್ಸಿಲ್ ತುಂಡು ಕಣ್ಣಿಗೆ ಬಡಿದರೆ ಅಪಾಯ. ಹಾರಿಸುವವರು ಯಂತ್ರದ ಮೇಲೆ ಮುಖ ಬಗ್ಗಿಸಬಾರದು, ಎದುರಿಗೂ ಹಿಂದೆಯೂ ಯಾರೂ ನಿಲ್ಲಬಾರದು. ಹಿಂದೆ ಏಕೆ ಎಂದರೆ ಅಮ್ಮಿಯಾನಸನೇ ಹೇಳಿದ ಘಟನೆಯೊಂದಿದೆ. ಕ್ರಿ.ಶ. 363ರಲ್ಲಿ ಚಕ್ರವರ್ತಿ ಜೂಲಿಯನ್‌ನ ಪರ್ಷಿಯಾ ದಂಡಯಾತ್ರೆಯ ಮುತ್ತಿಗೆಯೊಂದರಲ್ಲಿ, ಜೋಳಿಗೆಯಲ್ಲಿ ಸರಿಯಾಗಿ ಕೂರಿಸದ ಕಲ್ಲು ಹಿಮ್ಮುಖವಾಗಿ ಹಾರಿ, ಯಂತ್ರದ ಹಿಂದೆ ನಿಂತಿದ್ದ ಕುಶಲಕರ್ಮಿಯನ್ನೇ ಕೊಂದಿತು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮುಚ್ಚಳ, ರಬ್ಬರ್ ಬ್ಯಾಂಡ್ ಬಾಯಿಗೆ ಹೋಗದಂತೆ ಆಟ ಮುಗಿದ ಮೇಲೆ ಎಣಿಸಿ ಎತ್ತಿಡಬೇಕು.

ಮುಂದಿನ ಯಂತ್ರ

ಕಡ್ಡಿಯ ಕವಣೆ ಹಳೆಯದಾದವರಿಗೆ ಮುಂದಿನ ಮೆಟ್ಟಿಲು ಭಾರ ಇಳಿಬಿಟ್ಟ ಕವಣೆ. ಅದರಲ್ಲಿ ಸ್ಪ್ರಿಂಗೇ ಇಲ್ಲ. ಏತದಂತೆ ಅಚ್ಚಿನ ಮೇಲೆ ಕೂತ ಉದ್ದನೆಯ ತೋಳು. ಗಿಡ್ಡ ತುದಿಗೆ ಭಾರ, ಉದ್ದ ತುದಿಗೆ ಜೋಳಿಗೆ. ಹನ್ನೆರಡನೆಯ ಶತಮಾನದಿಂದ ಕೋಟೆಗಳನ್ನು ನಡುಗಿಸಿದ್ದು ಈ ಬಗೆಯದು. 1304ರಲ್ಲಿ ಸ್ಕಾಟ್ಲೆಂಡಿನ ಸ್ಟರ್ಲಿಂಗ್ ಕೋಟೆಯ ಎದುರು ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡ್ ‘ವಾರ್‌ವುಲ್ಫ್’ ಎಂಬ ದೈತ್ಯ ಯಂತ್ರವನ್ನು ಕಟ್ಟಿಸಿದ್ದ. ಒಳಗಿದ್ದವರು ಶರಣಾಗುತ್ತೇವೆಂದರೂ, ಯಂತ್ರವನ್ನು ಒಮ್ಮೆ ಹಾರಿಸಿ ನೋಡುವವರೆಗೆ ಅವನು ಒಪ್ಪಲಿಲ್ಲ.

ಜೋಳಿಗೆಯ ಗುಟ್ಟು ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಅಟ್ಟಣಿಗೆ ಹತ್ತಿ ಹಕ್ಕಿ ಕಾದವರಿಗೆ ಹೊಸದಲ್ಲ. ಕವಣೆಯ ಒಂದು ತುದಿಯ ಕುಣಿಕೆ ಬೆರಳಿಗೆ, ಇನ್ನೊಂದು ತುದಿ ಹಿಡಿಯಲ್ಲಿ, ನಡುವಿನ ಹೆಣೆದ ಪಟ್ಟಿಯಲ್ಲಿ ಕಲ್ಲು. ತಲೆಯ ಮೇಲೆ ಬೀಸಿ ಹಿಡಿ ಸಡಿಲಿಸುವ ಗಳಿಗೆಯೇ ಕಲ್ಲಿನ ದಿಕ್ಕನ್ನು ಹೇಳುತ್ತದೆ. ಯಂತ್ರದಲ್ಲಿ ಬೆರಳಿನ ಬದಲು ತೋಳಿನ ತುದಿಗೆ ಮೊಳೆಯಂಥ ಕೊಕ್ಕೆ ಇರುತ್ತದೆ. ಜೋಳಿಗೆಯ ಕುಣಿಕೆ ಅದರಿಂದ ಜಾರಿದಾಗ ಕಲ್ಲು ಬಿಡುಗಡೆ.

ಮನೆಯಲ್ಲಿ ಇದನ್ನು ಕಟ್ಟಲು ಎರಡು ತ್ರಿಕೋನ ಚೌಕಟ್ಟಿಗೆ ಹತ್ತು ಹನ್ನೆರಡು ಕಡ್ಡಿ, ಅಚ್ಚಿಗೆ ಬಿದಿರಿನ ಕಡ್ಡಿ, ತೋಳಿಗೆ ಮೂವತ್ತು ಸೆಂ.ಮೀ. ಮರದ ಅಳತೆಪಟ್ಟಿ, ಭಾರಕ್ಕೆ ನಾಣ್ಯ ತುಂಬಿದ ಸಣ್ಣ ಡಬ್ಬಿ, ಜೋಳಿಗೆಗೆ ಹಳೆಯ ಬಟ್ಟೆಯ ಚೂರು ಮತ್ತು ದಾರ, ಕೊಕ್ಕೆಗೆ ಬಿಚ್ಚಿ ನೇರ ಮಾಡಿದ ಪೇಪರ್ ಕ್ಲಿಪ್ ಬೇಕು. ಅಚ್ಚಿನಿಂದ ಭಾರದ ತುದಿಗೆ ಒಂದು ಪಾಲು, ಜೋಳಿಗೆಯ ತುದಿಗೆ ನಾಲ್ಕು ಪಾಲು ಬಿಟ್ಟು ತೋಳನ್ನು ಕೂರಿಸಿ, ದಾರವನ್ನು ಆ ಉದ್ದನೆಯ ಭಾಗದಷ್ಟೇ ಇಟ್ಟು ಶುರು ಮಾಡಬಹುದು. ಉಂಡೆ ಹಿಂದಕ್ಕೆ ಅಥವಾ ನೆಟ್ಟಗೆ ಮೇಲಕ್ಕೆ ಹೋದರೆ ಕುಣಿಕೆ ಬೇಗ ಜಾರುತ್ತಿದೆ ಎಂದರ್ಥ. ಕ್ಲಿಪ್ಪಿನ ತುದಿಯನ್ನು ಸ್ವಲ್ಪ ಮುಂದಕ್ಕೆ ಬಗ್ಗಿಸಬೇಕು. ಮುಂದಿನ ನೆಲಕ್ಕೇ ಅಪ್ಪಳಿಸಿದರೆ ತಡವಾಗಿ ಜಾರುತ್ತಿದೆ, ತುದಿಯನ್ನು ಸ್ವಲ್ಪ ನೇರ ಮಾಡಬೇಕು. ಒಂದೊಂದು ಸಲಕ್ಕೆ ಒಂದೆರಡು ಮಿಲಿಮೀಟರ್ ಬಗ್ಗಿಸಿದರೆ ಸಾಕು.